ಐಲಾಳ ಹೆಸರಿನಿಂದ ಹೊರಗೆ

ಆನೆ ತಲೆಕೆಳಗಾಗಿ ನಿಂತಿದೆ, ನಾಲ್ಕು ಕಾಲೂ ಮೇಲಕ್ಕೆ, ಸೊಂಡಿಲು ಯಾವ ಕಡೆಗೋ, ಕೆಳಗಿನ ಬಾಣವನ್ನು ಒತ್ತಿದರೆ ಚೂರು ಚೂರೇ ತಿರುಗುತ್ತದೆ, ಪ್ರಾಣಿ ಸರಿಯಾಗಿ ನಿಲ್ಲುವ ತನಕ ತಿರುಗಿಸಿ, ನೀವು ಮನುಷ್ಯರೇ ಎಂಬುದು ನಮಗೆ ಖಾತ್ರಿಯಾಗಬೇಕು — ಆಗಲಿ ಮಾರಾಯ, ಖಾತ್ರಿ ಮಾಡಿಕೋ, ಆರ್ವಿಡ್ ಸಾಲ್ಮಿ ಒತ್ತಿದ, ಆನೆ ಮಗ್ಗುಲಾಯಿತು, ಇನ್ನೊಂದು ಸಲ ಒತ್ತಿದ, ನಿಂತಿತು, ನಿಂತಿತಲ್ಲ ಅಂದುಕೊಳ್ಳುವಷ್ಟರಲ್ಲಿ ಬಾತುಕೋಳಿ ಬಂತು, ಅದೂ ತಲೆಕೆಳಗೆ, ಈ ಮನೆಯಲ್ಲಿ ನವೆಂಬರಿನಿಂದ ಯಾವುದು ತಾನೇ ನೆಟ್ಟಗೆ ನಿಂತಿದೆ, ಮನುಷ್ಯನೋ ಅಲ್ಲವೋ ಎಂದು ಕೇಳುವುದಾದರೆ ಬೆಳಿಗ್ಗೆ ಏಳುವ ಹೊತ್ತಿಗೆ ಬಂದು ಕೇಳಿ, ಹಾಸಿಗೆಯ ಅಂಚಿನಲ್ಲಿ ಒಂದೇ ಕಾಲುಚೀಲ ಹಾಕಿಕೊಂಡು ಕೂತಿರುತ್ತಾನಲ್ಲ, ಆಗ ಕೇಳಿ, ಉತ್ತರ ಬೇರೆ ಸಿಗುತ್ತದೆ. ಅಡುಗೆಮನೆಯಿಂದ ಮೊಟ್ಟೆ ಕದಡುವ ಸದ್ದು, ಹೆಂಡತಿ ಡೊರೀನ್ ಕೈ ನಿಲ್ಲಿಸದೆಯೇ ಕೂಗಿ ಕೇಳುತ್ತಾಳೆ, ಏನ್ ಮಾಡ್ತಿದೀಯಾ ಇಷ್ಟೊತ್ತು ಅವಳ ರೂಮಲ್ಲಿ, ಬಾತುಕೋಳಿ ತಿರುಗಿಸ್ತಿದೀನಿ, ಏನಂದೆ, ಏನಿಲ್ಲ ಬಿಡು ಮಾರಾಯ್ತಿ, ಈಗ ಬಂದೆ — ನಕ್ಕಳೇ? ಹೌದು, ನಕ್ಕ ಹಾಗಿತ್ತು, ಮೂಗಿನಲ್ಲಿ ಒಂದು ಚಿಕ್ಕ ನಗು, ಎಷ್ಟು ದಿನವಾಯಿತು ಆ ಸದ್ದು ಕೇಳಿ, ಇವತ್ತು ನಗಬಹುದು ಅವಳು, ಇವತ್ತು ಐಲಾಳ ಹುಟ್ಟಿದ ದಿನ, ಮಗಳಿಗೆ ಇವತ್ತು ಇಪ್ಪತ್ತೈದು ತುಂಬಬೇಕಿತ್ತು, ಪ್ರತಿ ವರ್ಷ ಈ ದಿನ ದೊಡ್ಡ ತಟ್ಟೆಯಲ್ಲಿ ಹಿಟ್ಟು ಹುಯ್ದು ಒಲೆಯೊಳಗಿಟ್ಟು ಉಬ್ಬಿಸುವ ಪ್ಯಾನ್‌ಕೇಕು, ಅಂಚು ಕರಕಲಾಗಬೇಕು ಎಂದು ಐಲಾಳ ಹಟ, ನಡುವಿನದು ಆರ್ವಿಡ್‌ಗೆ, ಈ ವರ್ಷ ಮಾಡುವುದಿಲ್ಲ ಎಂದುಕೊಂಡಿದ್ದ, ಬೆಳಿಗ್ಗೆ ನೋಡಿದರೆ ಡೊರೀನ್ ಮೊಟ್ಟೆ ಒಡೆಯುತ್ತಿದ್ದಾಳೆ. ಬಾತುಕೋಳಿ ನಿಂತಿತು. ನೀವು ಮನುಷ್ಯರು, ಮುಂದುವರಿಯಿರಿ.

ಮುಂದುವರಿಯಬೇಕು, ಹೆಸರು ಕೊಡಿ ಎನ್ನುತ್ತದೆ, ಇಲ್ಲಿ ನಿಮ್ಮನ್ನು ಎಲ್ಲರೂ ಗುರುತಿಸುವ ಹೆಸರು, ಆರ್ವಿಡ್ ಎಂದು ಬಡಿದ, ಈ ಹೆಸರು ಬೇರೆಯವರದ್ದು, ಆರ್ವಿಡ್ ಸಾಲ್ಮಿ, ಅದೂ ಬೇರೆಯವರದ್ದು, ಅಯ್ಯೋ ದೇವರೇ ಅನ್ನುವ ಹಾಗೆ ಒಂದು ಉಸಿರು ಬಿಟ್ಟ, ಥಂಡರ್ ಬೇಯ ಈ ಬೀದಿಯಲ್ಲಿ ಆರ್ವಿಡ್ ಎನ್ನುವವನು ತಾನೊಬ್ಬನೇ, ಜಗತ್ತಿನಲ್ಲಿ ಮಾತ್ರ ತನಗಿಂತ ಮೊದಲು ಬಂದು ಕೂತ ಎಷ್ಟೋ ಆರ್ವಿಡ್‌ಗಳಿದ್ದಾರೆ, ಅವರೆಲ್ಲ ಕೋಡ್ ಬರೆಯುತ್ತಾರೆಯೇ, ಐಲಾ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಅಪ್ಪಾ, ಐಸ್ ಅಂತ ಸೇರಿಸ್ಕೋ ಮುಂದೆ, ಯಾರ್ ಬೇಡ ಅಂತಾರೆ, ಸೇರಿಸಿದ, ಐಸ್‌ಆರ್ವಿಡ್, ಹಸಿರು ಗುರುತು ಬಿತ್ತು. ಐಸ್ ಹಾಕಿ ಆಟದ ಮೈದಾನದಲ್ಲಿ ಐಸ್ ನುಣುಪು ಮಾಡುವ ಗಾಡಿ ಓಡಿಸುತ್ತಲೇ ತಲೆ ಬೆಳ್ಳಗಾದವನಿಗೆ ಇದಕ್ಕಿಂತ ಯಾವ ಹೆಸರು ಬೇಕು, ಗೋರ್ಡ್‌ಗೆ ಗೊತ್ತಾದರೆ ಮುಗಿಯಿತು, ಗೋರ್ಡ್ ಅವನ ಜೊತೆಯ ಕೆಲಸಗಾರ, ಬಾಯಿ ಬೊಂಬಾಯಿ, ಮೊನ್ನೆಯೇ ಶುರು ಮಾಡಿದ್ದ, ಏನೋ ಮುದುಕಪ್ಪಾ, ಕಂಪ್ಯೂಟರ್ ಕಲೀತಿದೀಯಂತೆ, ಮೊದಲು ನಿನ್ನ ಗಾಡಿಗೆ ರಿವರ್ಸ್ ಹಾಕೋದು ಕಲಿ, ಗೋಲ್ ಕಂಬಕ್ಕೆ ಹೋಗಿ ಗುದ್ದಿದೀಯಾ, ಅದೇ ಗೋರ್ಡ್ ಡಿಸೆಂಬರಿನಲ್ಲಿ ಒಂದು ಮಾತೂ ಆಡದೆ ಗಾಡಿಯ ಸೀಟಿನ ಮೇಲೆ ಗುಲಾಬಿ ಸಕ್ಕರೆ ಬಳಿದ ಬನ್ನಿನ ಡಬ್ಬ ಇಟ್ಟು ಹೋಗಿದ್ದ, ಆ ಬನ್ನನ್ನು ನೋಡಿ ಆರ್ವಿಡ್ ಗಾಡಿಯ ಮೇಲೆಯೇ ಅತ್ತಿದ್ದ, ಸುತ್ತು ಸುತ್ತುತ್ತಾ ಅತ್ತಿದ್ದ, ಹಿಂದೆ ಐಸ್ ಕನ್ನಡಿಯಂತೆ ಹೊಳೆಯುತ್ತಾ ಬರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಈಗ ಅವನ ಮೇಲ್‌ಗೆ ಒಂದು ಸಂಖ್ಯೆ ಕಳಿಸಿದ್ದಾರಂತೆ, ಅದನ್ನು ನೋಡಿಕೊಂಡು ಇಲ್ಲಿ ಬರೆಯಬೇಕು, ಇಲ್ಲಿ ನೋಡಿ ಅಲ್ಲಿ ಬರೆಯುವುದು, ಅಲ್ಲಿ ನೋಡಿ ಇಲ್ಲಿ, ಇದೆಲ್ಲ ಯಾಕೆ ಬೇಕಿತ್ತು ನಿನಗೆ ಎಂದು ಯಾರಾದರೂ ಕೇಳಿದರೆ — ಆ ಹೆಂಗಸಿಗಾಗಿ, ನೋವಾ ಸ್ಕೋಷಿಯಾ ಕಡೆಯ ಮಾರ್ಗೋ ಎನ್ನುವವಳಿಗಾಗಿ, ಮುಖ ನೋಡಿಲ್ಲ, ಕೋಡ್ ಬರೆಯುವವರು ತಮ್ಮ ಕೆಲಸ ತೆರೆದಿಡುವ ಈ ಜಾಲತಾಣದಲ್ಲಿ, ಐಲಾಳ ಪುಟದಲ್ಲಿ, ಮೂರು ವಾರದಿಂದ ಅವಳ ಪ್ರಶ್ನೆ ಕೂತಿದೆ, ಯಾರಾದರೂ ಇದ್ದೀರಾ, ಹೊಸ ಮಾದರಿ ಹಾಕಿದರೆ ಓದುವುದು ಅರ್ಧಕ್ಕೆ ನಿಲ್ಲುತ್ತದೆ, ನವೆಂಬರಿನಿಂದ ಇಲ್ಲಿ ಏನೂ ಅಲುಗಾಡಿಲ್ಲ, ಈ ಪ್ರಾಜೆಕ್ಟ್ ಸತ್ತಿದೆಯೋ, ಜೀವಂತ ಇದೆಯೋ? ಹಾಗೇ ಕೇಳುತ್ತಾರಂತೆ ಈ ಲೋಕದಲ್ಲಿ, ತಪ್ಪಲ್ಲವಂತೆ, ಆದರೂ ಮೊದಲ ಸಲ ಓದಿದಾಗ ಯಾರೋ ಎದೆಗೆ ಒದ್ದ ಹಾಗಾಯಿತು. ಅದು ಹೆಣಿಗೆಯ ಪ್ರೋಗ್ರಾಮು, ಐಲಾ ತನ್ನ ಅಜ್ಜಿಗಾಗಿ ಬರೆದದ್ದು, ಡೊರೀನಳ ತಾಯಿಗೆ ಕಣ್ಣು ಹೋದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ, ಉಣ್ಣೆ ಕಡ್ಡಿ ಹಿಡಿದುಕೊಂಡು ಕೂರುತ್ತಿದ್ದರು, ಎಷ್ಟು ಕುಣಿಕೆ ಸೀದಾ ಎಷ್ಟು ಉಲ್ಟಾ ಎಂದು ಯಾರಾದರೂ ಪಕ್ಕದಲ್ಲಿ ಕೂತು ಓದಬೇಕು, ಎಲ್ಲರಿಗೂ ಕೆಲಸ, ಯಾರು ಕೂರುತ್ತಾರೆ, ಐಲಾ ಒಂದು ಚಳಿಗಾಲ ಕೂತು ಮಾಡಿದಳು, ಯಂತ್ರವೇ ಒಂದೊಂದು ಸಾಲು ಓದಿ ಹೇಳುತ್ತದೆ, ಅಜ್ಜಿ ಮುಗಿಯಿತು ಎಂದರೆ ಮುಂದಿನ ಸಾಲಿಗೆ ಹೋಗುತ್ತದೆ, ಅಜ್ಜಿ ಹೋದ ಮೇಲೂ ಅದನ್ನು ಎಲ್ಲರಿಗೂ ತೆರೆದಿಟ್ಟಳು, ಯಾವ್ಯಾವ ಊರಿನ ಕುರುಡರೋ ಅದನ್ನು ಕೇಳುತ್ತಾ ಕಾಲುಚೀಲ ಹೆಣೆಯುತ್ತಾರೆ, ಟೋಪಿ ಹೆಣೆಯುತ್ತಾರೆ, ಅವರಿಗೆ ಉತ್ತರ ಕೊಡಬೇಡವೇ, ಕೇಳಿದವರಿಗೆ ಇಲ್ಲ ಎಂದಾದರೂ ಹೇಳಬೇಕಲ್ಲವೇ, ಮನೆ ಬಾಗಿಲು ಬಡಿದವರನ್ನು ಚಳಿಯಲ್ಲಿ ನಿಲ್ಲಿಸಿ ಸುಮ್ಮನಿರುತ್ತಾರೆಯೇ ಯಾರಾದರೂ.

ಉತ್ತರ ಬರೆಯಲು ಹೋಗಿದ್ದ, ಬೆಳಿಗ್ಗೆಯೇ, ಈ ಲ್ಯಾಪ್‌ಟಾಪು ಐಲಾಳದ್ದು, ತೆರೆದರೆ ಆ ಜಾಗ ಅವಳ ಹೆಸರಿನಲ್ಲೇ ತೆರೆದುಕೊಳ್ಳುತ್ತದೆ, ಯಾರೂ ಏನೂ ಕೇಳುವುದಿಲ್ಲ, ಮೂಲೆಯಲ್ಲಿ ಅವಳ ದುಂಡನೆಯ ಚಿತ್ರ, ಕೆಂಪು ಉಣ್ಣೆ ಟೋಪಿ, ಬಿಸಿಲಿಗೆ ಒಂದು ಕಣ್ಣು ಕಿರಿದಾಗಿದೆ, ಮಾರ್ಗೋಳ ಪ್ರಶ್ನೆಯ ಕೆಳಗೆ ಬರೆಯುವ ಚೌಕ, ಚೌಕದ ಪಕ್ಕದಲ್ಲೂ ಅದೇ ಚಿತ್ರ, ಬರೆದ, ಐಲಾ ತೀರಿಕೊಂಡಿದ್ದಾಳೆ, ಬರೆದು ನೋಡಿದರೆ ಟೋಪಿ ಹಾಕಿಕೊಂಡ ಐಲಾ ನಗುತ್ತಾ ತಾನೇ ಹೇಳುತ್ತಿದ್ದಾಳೆ, ಐಲಾ ತೀರಿಕೊಂಡಿದ್ದಾಳೆ. ಛೇ ಛೇ, ಎಂಥ ಕೆಲಸ, ಒಂದೊಂದೇ ಅಕ್ಷರ ಅಳಿಸಿದ, ಮಗಳ ಬಾಯಿಂದ ಆ ಮಾತು ಹೇಳಿಸುವುದೇ, ಅಪ್ಪ ಅನ್ನಿಸಿಕೊಂಡವನು ಮಾಡುವ ಕೆಲಸವೇ, ತನ್ನ ಬಾಯಿಂದ ಹೇಳಬೇಕು, ತನ್ನ ಹೆಸರಿನಲ್ಲಿ, ಅದಕ್ಕೊಂದು ಖಾತೆ ಬೇಕು, ಆಯಿತು ಮಾಡಿಕೊಳ್ಳೋಣ, ಹೊಸ ಖಾತೆ ಎಂದಿದ್ದ ಕಡೆ ಒತ್ತಿದರೆ ನೀವು ಈಗಾಗಲೇ ಐಲಾ ಎಂಬ ಹೆಸರಿನಲ್ಲಿ ಒಳಗಿದ್ದೀರಿ, ಹೊಸ ಖಾತೆ ಬೇಕಾದರೆ ಮೊದಲು ಹೊರಗೆ ಬನ್ನಿ ಎಂದಿತು. ನ್ಯಾಯವಾದ ಮಾತೇ, ಒಂದು ಕೋಟಿನೊಳಗೆ ಇಬ್ಬರು ತೂರುವುದಕ್ಕಾಗುತ್ತದೆಯೇ, ಹೊರಗೆ ಬನ್ನಿ ಎಂಬಲ್ಲಿ ಒತ್ತಿದ, ಮೂಲೆಯ ಕೆಂಪು ಟೋಪಿ ಹೋಯಿತು, ಅಲ್ಲಿ ಬಿಳಿ ಜಾಗ, ಆಮೇಲೆ ಆನೆ, ಬಾತುಕೋಳಿ, ಹೆಸರು, ಸಂಖ್ಯೆ.

ಸಂಖ್ಯೆ ಸರಿಯಂತೆ, ಸ್ವಾಗತ ಐಸ್‌ಆರ್ವಿಡ್, ಬಣ್ಣದ ಕಾಗದದ ಚೂರು ಪರದೆ ತುಂಬ ಉದುರಿತು, ಯಾರ ಮದುವೆಯೋ ಎನ್ನುವ ಹಾಗೆ, ಇನ್ನು ಒಂದೆರಡು ಪ್ರಶ್ನೆ, ನೀವು ಯಾರು, ವಿದ್ಯಾರ್ಥಿಯೋ, ಮೇಷ್ಟರೋ, ಕಂಪನಿಯವರೋ, ಅಪ್ಪ ಎನ್ನುವುದು ಅಲ್ಲಿಲ್ಲ, ಇತರೆ ಎಂದು ಒತ್ತಿದ, ನಿಮ್ಮ ತಂಡದಲ್ಲಿ ಎಷ್ಟು ಜನ, ನಾನೊಬ್ಬನೇ, ಇಲ್ಲಿ ಏನು ಮಾಡಬೇಕೆಂದಿದ್ದೀರಿ, ಕಲಿಯಬೇಕೆಂದಿದ್ದೇನೆ, ಜೊತೆಯಲ್ಲಿ ಕೆಲಸ ಮಾಡಬೇಕೆಂದಿದ್ದೇನೆ, ಏನೂ ಒತ್ತದೆ ದಾಟಿಕೊಂಡು ಹೋದ. ಒಲೆಯ ಬಾಗಿಲು ಮುಚ್ಚಿದ ಸದ್ದು, ಹಿಟ್ಟು ಒಳಗೆ ಹೋಯಿತು, ಇನ್ನು ಅದು ಉಬ್ಬುವುದಕ್ಕೆ ಅರ್ಧ ಗಂಟೆ, ಅಷ್ಟರೊಳಗೆ ಈ ಮಾರ್ಗೋಗೆ ಬರೆದುಬಿಟ್ಟರೆ ಆಮೇಲೆ ನಿಶ್ಚಿಂತೆ, ತಿಂದಾದ ಮೇಲೆ ಡೊರೀನಳಿಗೆ ಕೇಳಿಸಬೇಕು, ನಿನ್ನೆ ಪಾತ್ರೆ ಒರೆಸುತ್ತಾ ತಾನಾಗಿಯೇ ಹೇಳಿದಳು, ಅವನ ಮುಖ ನೋಡಲಿಲ್ಲ, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ, ನಾಳೆ ಕೇಳ್ತೀನಿ ಆರ್ವಿಡ್, ಹಾಕು, ನಾಳೆ ಆಗತ್ತೆ ನನ್ ಕೈಲಿ.

ದನಿ, ಐಲಾಳ ದನಿ, ಅದು ಅವಳ ಹೆಸರಿನೊಳಗೆ ಬೀಗದ ಗುರುತಿದ್ದ ಒಂದು ಕಡೆ ಇತ್ತು, ಅವಳಿಗೆ ಮಾತ್ರ ಕಾಣುವ ಜಾಗ, ಜನವರಿಯಲ್ಲಿ ಅವಳ ಪುಟದಲ್ಲಿ ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತಿದ್ದಾಗ ಕೈಗೆ ಸಿಕ್ಕಿತು, ಪ್ರೋಗ್ರಾಮಿಗೆ ಮೊದಲು ತನ್ನದೇ ದನಿ ಹಾಕಲು ಹೊರಟಿದ್ದಳು, ಒಂದೊಂದು ಮಾತನ್ನೂ ಬೇರೆ ಬೇರೆ ಓದಿ ಇಟ್ಟಿದ್ದಳು, ಆಮೇಲೆ ನೆಗಡಿಯಾದ ಬಾತುಕೋಳಿ ಥರ ಇದೆ ನನ್ ದನಿ ಎಂದು ತೆಗೆದು ಯಂತ್ರದ ದನಿ ಹಾಕಿದಳು, ತೆಗೆದದ್ದನ್ನು ಎಸೆಯದೆ ಅಲ್ಲಿ ಬೀಗ ಹಾಕಿ ಇಟ್ಟಿದ್ದಳು. ಎರಡು ಸೀದಾ, ಎರಡು ಉಲ್ಟಾ, ಒಂದು ಬಿಡು, ದಾರ ಮುಂದಕ್ಕೆ, ಮತ್ತೆ ಎರಡು ಸೀದಾ — ಅಪ್ಪಾ, ಬಾಗಿಲು ಹಾಕೋ, ರೆಕಾರ್ಡ್ ಆಗ್ತಿದೆ — ಆ ದಿನ ನೆನಪಿದೆ, ಸೂಪ್ ಬೇಕೇನೇ ಎಂದು ಕೇಳಲು ಬಾಗಿಲು ತೆರೆದಿದ್ದ, ಬೂಟಿನ ಹಿಮ ಅವಳ ಚಾಪೆಯ ಮೇಲೆ ಬಿತ್ತು, ರೇಗಿದಳು, ಸರಿ ಮಹಾರಾಣಿ, ಹೊರಟೆ, ಎಂದು ಬಾಗಿಲು ಹಾಕಿಕೊಂಡ, ಮನಸ್ಸಿನಲ್ಲಿ ಸ್ವಲ್ಪ ಮುನಿಸಿಕೊಂಡಿದ್ದ ಕೂಡ, ಈಗ ದಿನಾ ಬೆಳಿಗ್ಗೆ ಎರಡನೇ ಕಾಲುಚೀಲ ಹಾಕುವುದಕ್ಕೆ ಆ ರೇಗಿದ ಮಾತು ಬೇಕು, ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾನೆ, ಅಪ್ಪಾ, ಬಾಗಿಲು ಹಾಕೋ, ಕೇಳಿ ಎದ್ದು ಕೆಲಸಕ್ಕೆ ಹೋಗುತ್ತಾನೆ. ಬೇರೆಲ್ಲೂ ಇಲ್ಲ ಅವಳ ದನಿ, ಫೋಟೋ ತೆಗೆಯುವವಳು ಅವಳೇ, ತಾನು ಯಾವತ್ತೂ ಎದುರಿಗೆ ಬಂದವಳಲ್ಲ, ಗೆಳತಿಯರ ಫೋನಿನಲ್ಲಿ ಎಲ್ಲೋ ಗದ್ದಲದ ನಡುವೆ ಒಂದು ನಗು, ಅಷ್ಟೇ. ಡೊರೀನಳಿಗೆ ಹೇಳಿದ ದಿನ ಅವಳು ಎರಡೂ ಕಿವಿ ಮುಚ್ಚಿಕೊಂಡಳು, ಬೇಡ, ಈ ಮನೇಲಿ ಜೋರಾಗಿ ಹಾಕ್ಬೇಡ, ಅವಳಿನ್ನೂ ಮಣ್ಣಿಗೆ ಹೋಗಿಲ್ಲ, ನಂಗಾಗಲ್ಲ, ನಿಜ, ಇನ್ನೂ ಮಣ್ಣಿಗೆ ಹೋಗಿಲ್ಲ, ನಿಪಿಗನ್ ಹತ್ತಿರ ಹೆದ್ದಾರಿಯಲ್ಲಿ ಅವಳ ಕಾರಿಗೆ ಕಡವೆ ಅಡ್ಡ ಬಂದ ರಾತ್ರಿಯೇ ನೆಲ ಕಲ್ಲಾಗಿತ್ತು, ಚಳಿಗಾಲದಲ್ಲಿ ಹೋದವರನ್ನೆಲ್ಲ ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಇಡುತ್ತಾರೆ, ಮೇ ತಿಂಗಳಲ್ಲಿ ಮಣ್ಣು ಸಡಿಲವಾದ ಮೇಲೆ ಕರೆಯುತ್ತಾರೆ, ಅಲ್ಲಿಯ ತನಕ ಕಾಯಬೇಕು, ಈ ಊರಿನಲ್ಲಿ ದುಃಖಕ್ಕೂ ಹವಾಮಾನ ನೋಡಬೇಕು.

ಬರೆದ. ಮಾರ್ಗೋ ಅವರಿಗೆ, ನಾನು ಐಲಾಳ ತಂದೆ, ಅವಳು ನವೆಂಬರಿನಲ್ಲಿ ತೀರಿಕೊಂಡಳು, ಪ್ರೋಗ್ರಾಮು ಸತ್ತಿಲ್ಲ, ಅದರಲ್ಲಿ ಏನು ಕೆಟ್ಟಿದೆಯೋ ನನಗೆ ಗೊತ್ತಿಲ್ಲ, ನನಗೆ ಕೋಡೂ ಬರುವುದಿಲ್ಲ ಹೆಣಿಗೆಯೂ ಬರುವುದಿಲ್ಲ, ಬರುವವರು ಯಾರಾದರೂ ಸರಿ ಮಾಡಿಕೊಂಡರೆ ಅವಳಿಗೆ ಸಂತೋಷವಾಗುತ್ತಿತ್ತು, ಉತ್ತರ ತಡವಾಯಿತು, ಕ್ಷಮಿಸಿ. ಕಳಿಸು ಎಂಬಲ್ಲಿ ಒತ್ತಿದ, ಹೋಯಿತು, ಅವನ ಹೆಸರಿನ ಪಕ್ಕ ಚಿತ್ರದ ಬದಲು ಕಂಪ್ಯೂಟರೇ ಹಾಕಿದ ನೇರಳೆ ಚೌಕಗಳ ಒಂದು ಗುಬ್ಬಚ್ಚಿ ಗೂಡಿನಂಥ ಗುರುತು, ಇರಲಿ, ಮುಖ ಯಾರಿಗೆ ಬೇಕು, ಹೇಳಬೇಕಾದ್ದು ಹೇಳಿಯಾಯಿತು, ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಕೆಲಸವನ್ನು ಸರಿಯಾಗಿ ಮಾಡಿದೆ ಅನ್ನಿಸಿತು, ಹೆಗಲು ಸ್ವಲ್ಪ ಇಳಿಯಿತು, ಒಲೆಯಿಂದ ಬೆಣ್ಣೆಯ ವಾಸನೆ, ಈಗ ಆ ದನಿಯನ್ನು ತೆರೆದು ಸಿದ್ಧ ಇಟ್ಟುಕೊಂಡರೆ ಸರಿ, ಡೊರೀನ್ ಬಂದು ಕೂತ ಮೇಲೆ ಹುಡುಕಾಡಬಾರದು, ಅವಳ ಧೈರ್ಯ ಕರಗಿಬಿಡುತ್ತದೆ, ಮೇಲಿನ ಪಟ್ಟಿಯಲ್ಲಿ ದಿನಾ ಒತ್ತುವ ವಿಳಾಸ, ಒತ್ತಿದ, ಬಿಳಿ ಪುಟ, ನಡುವೆ ಒಂದೇ ಸಾಲು, ನೀವು ಹುಡುಕುತ್ತಿರುವ ಪುಟ ಇಲ್ಲ.

ಎಲ್ಲೋ ತಪ್ಪಾಯಿತು, ಬೆರಳು ದಪ್ಪ, ಮತ್ತೆ ಒತ್ತಿದ, ಅದೇ ಸಾಲು, ಐಲಾಳ ಪುಟಕ್ಕೆ ಹೋದ, ಅದಿದೆ, ಕೆಂಪು ಟೋಪಿ ಇದೆ, ಹೆಣಿಗೆಯ ಪ್ರೋಗ್ರಾಮಿದೆ, ಅವಳು ಕೆಲಸ ಮಾಡಿದ ದಿನಗಳ ಹಸಿರು ಚೌಕಗಳಿವೆ, ನವೆಂಬರಿನ ತನಕ ಹಸಿರು, ಆಮೇಲೆ ಬೂದು, ಬೀಗದ ಗುರುತು ಮಾತ್ರ ಎಲ್ಲೂ ಇಲ್ಲ, ಬೆಳಿಗ್ಗೆ ಇತ್ತು, ಇವತ್ತು ಬೆಳಿಗ್ಗೆಯೇ ಕೇಳಿದ್ದಾನೆ, ಅಪ್ಪಾ ಬಾಗಿಲು ಹಾಕೋ, ಇದ್ದದ್ದು ಎಲ್ಲಿಗೆ ಹೋಗುತ್ತದೆ, ಬೀಗ ಹಾಕಿದ್ದಾರೆ ಎಂದಾದರೂ ಹೇಳಬೇಕಲ್ಲ, ನಿನಗೆ ಪ್ರವೇಶವಿಲ್ಲ ಎಂದಾದರೂ ಬೈಯಬೇಕಲ್ಲ, ಇಲ್ಲವೇ ಇಲ್ಲ ಎನ್ನುತ್ತದಲ್ಲ ಇದು, ಫೋನ್ ತೆಗೆದು ಕೊರಿನ್‌ಗೆ ಮಾಡಿದ, ಕೊರಿನ್ ಐಲಾಳ ಶಾಲೆಯ ಗೆಳತಿ, ಇಬ್ಬರೂ ಒಟ್ಟಿಗೆ ಈ ಕೋಡ್ ಕಲಿತವರು, ದನಿ ತಗ್ಗಿಸಿ ಹೇಳಿದ, ಡೊರೀನಳಿಗೆ ಕೇಳಬಾರದು, ಕೊರಿನ್, ಆ ಪುಟ ಇಲ್ಲ ಅಂತಿದೆ ಕಣಮ್ಮಾ, ಯಾವ ಪುಟ ಮಿಸ್ಟರ್ ಸಾಲ್ಮಿ, ದನಿ ಇರೋದು, ಬೀಗ ಇತ್ತಲ್ಲ ಅದು, ನೀವು ಅವಳ ಹೆಸರಲ್ಲೇ ಇದ್ದೀರಾ ಈಗ, ಇಲ್ಲ, ನಂದೊಂದು ಖಾತೆ ಮಾಡ್ಕೊಂಡೆ, ಅದಕ್ಕೇ ಅವಳದ್ದರಿಂದ ಹೊರಗೆ ಬಂದೆ, ಕೊರಿನ್, ಕೇಳ್ತಿದೀಯಾ, ಇದೀನಿ ಇದೀನಿ, ನೀವು... ನೀವು ಹೊರಗೆ ಬಂದ್ರಾ, ಹೂಂ, ಅದೇ ಕೇಳ್ತು, ಹೊರಗೆ ಬನ್ನಿ ಅಂತು, ಅಯ್ಯೋ ಮಿಸ್ಟರ್ ಸಾಲ್ಮಿ.

ಅವಳ ಪಾಸ್‌ವರ್ಡ್ ಗೊತ್ತಾ, ಇಲ್ಲ, ಎಲ್ಲಾದ್ರೂ ಬರೆದಿಟ್ಟಿದ್ಲಾ, ಅವಳು ಬರೆದಿಡೋಳಲ್ಲ ನಿಂಗೂ ಗೊತ್ತಲ್ಲ, ಹೌದು, ನಂಗೇ ಬೈತಿದ್ಲು ಬರೆದಿಟ್ರೆ, ಕಂಪ್ಯೂಟರ್‌ಗೂ ನೆನಪಿಟ್ಕೊಳ್ಳೋಕೆ ಬಿಡ್ತಿರ್ಲಿಲ್ಲ, ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದ್ರೂ ಅವಳ ಮೇಲ್‌ಗೆ ಹೋಗತ್ತೆ, ಆ ಮೇಲ್ ತೆರೀಬೇಕಂದ್ರೆ ಅವಳ ಫೋನ್‌ಗೆ ಸಂಖ್ಯೆ ಬರತ್ತೆ, ಫೋನ್ ಇದೆಯಾ? ಫೋನ್ ಹೆದ್ದಾರಿಯಲ್ಲೇ ಪುಡಿಯಾಯಿತು, ಆ ನಂಬರಾದ್ರೂ ಇದ್ರೆ ಹೊಸ ಫೋನಿಗೆ ಹಾಕಿಸ್ಬಹುದಿತ್ತು, ನಂಬರ್ ಇದೆಯಾ ಮಿಸ್ಟರ್ ಸಾಲ್ಮಿ — ಫೆಬ್ರುವರಿ, ಅಂಗಡಿ, ಗಾಜಿನ ಮೇಜಿನ ಆಚೆ ಒಬ್ಬ ಹುಡುಗಿ, ಈ ನಂಬರ್ ಇನ್ನು ಬೇಡ್ವಾ ಸರ್, ಖಂಡಿತಾನಾ, ಖಂಡಿತ, ಬೇಡ, ಯಾರೋ ಹೊಸಬರಿಗೆ ಹೋಗುತ್ತದೆ ಎಂದಿದ್ದಳು, ಹೋಗಲಿ ಎಂದಿದ್ದ, ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದಿದ್ದ, ದೊಡ್ಡ ದಾನಶೂರ. ಹಾಗಾದ್ರೆ ಇದರಲ್ಲಿ, ಈ ಲ್ಯಾಪ್‌ಟಾಪಲ್ಲೇ ಇರ್ಬೇಕಲ್ಲ ಕೊರಿನ್, ನಾನು ದಿನಾ ಇದರಲ್ಲೇ ಕೇಳ್ತಿದ್ದೆ, ಇಳಿಸಿಟ್ಕೊಂಡಿದ್ರಾ, ಇಳಿಸೋದು ಅಂದ್ರೆ, ಅದು ಇದರಲ್ಲಿಲ್ಲ ಮಿಸ್ಟರ್ ಸಾಲ್ಮಿ, ಅವರ ಹತ್ರ ಇರೋದು, ನಿಮಗೆ ಇದರಲ್ಲಿ ಕಾಣ್ತಿತ್ತು ಅಷ್ಟೇ, ಅವಳು ರೆಕಾರ್ಡ್ ಮಾಡಿದ್ದು ಹಳೇ ಲ್ಯಾಪ್‌ಟಾಪಲ್ಲಿ, ಅದ್ರ ಮೇಲೆ ಕಾಫಿ ಚೆಲ್ಕೊಂಡು ಹಾಳ್ಮಾಡ್ಕೊಂಡ್ಲಲ್ಲ, ಹೂಂ, ಎಸೆದದ್ದು ನಾನೇ. ಕಂಪನಿಗೆ ಬರೀಬಹುದು, ನಾನು ಬರೀತೀನಿ, ಮರಣಪತ್ರ ಎಲ್ಲ ಕಳಿಸೋಣ, ಕೊಡ್ತಾರಾ, ಗೊತ್ತಿಲ್ಲ, ಬೀಗ ಹಾಕಿಟ್ಟಿದ್ದನ್ನ ಯಾರಿಗೂ ಕೊಡಲ್ಲ ಅಂತಾರೆ ಸಾಮಾನ್ಯವಾಗಿ, ಅಪ್ಪ ಅಮ್ಮಂಗೂ, ಸತ್ತಿದಾರೆ ಅಂತ ಗೊತ್ತಾದ್ರೆ ಕೆಲವು ಸಲ ಖಾತೆನೇ ಮುಚ್ಚಿಬಿಡ್ತಾರೆ, ಅದಕ್ಕೇ ನಾನು ಯಾರ್ಗೂ ಹೇಳೋಕೆ ಹೋಗಿರ್ಲಿಲ್ಲ. ಹೇಳಿಯಾಯಿತಲ್ಲ, ತಾನೇ ಹೇಳಿಯಾಯಿತಲ್ಲ, ಲೋಕಕ್ಕೆಲ್ಲ ಕಾಣುವ ಹಾಗೆ ಬರೆದುಬಿಟ್ಟಿದ್ದಾನಲ್ಲ, ಐಲಾ ತೀರಿಕೊಂಡಳು ಎಂದು, ಆ ಕಡೆ ಕೊರಿನ್ ಅಳುತ್ತಿದ್ದಾಳೆ ಈಗ, ಅಳಬೇಡಮ್ಮಾ, ನಿಂದೇನ್ ತಪ್ಪಿದೆ, ಇಡ್ತೀನಿ.

ಮೊದಲೇ ಕೇಳಬೇಕಿತ್ತು, ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು, ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಕೈಯಾರೆ, ತನ್ನ ಇದೇ ಬೆರಳಿನಿಂದ, ಹೊರಗೆ ಬನ್ನಿ ಎಂದಿತು, ಬಂದುಬಿಟ್ಟ, ಯಾರು ಏನು ಹೇಳಿದರೂ ಹೂಂ ಎನ್ನುವ ಬುದ್ಧಿ, ಇಷ್ಟು ವರ್ಷದ ಕೆಲಸದಲ್ಲಿ ಒಂದು ದಿನ ಎದುರು ಮಾತಾಡಿದವನಲ್ಲ, ಸ್ವಲ್ಪ ಸಿಡುಕನಾಗಿದ್ದರೆ, ಸ್ವಲ್ಪ ಸೋಮಾರಿಯಾಗಿದ್ದರೆ, ಯಾವಳೋ ಮಾರ್ಗೋ, ಕೇಳಿಕೊಂಡು ಬಿದ್ದಿರಲಿ ಎಂದು ಸುಮ್ಮನಿದ್ದುಬಿಟ್ಟಿದ್ದರೆ, ಆ ಮಾತನ್ನು ಐಲಾಳ ಹೆಸರಿನಲ್ಲೇ ಬರೆದುಬಿಟ್ಟಿದ್ದರೆ, ಏನಾಗುತ್ತಿತ್ತು, ಆಕಾಶ ಕಳಚಿ ಬೀಳುತ್ತಿತ್ತೇ, ಸತ್ತ ಮಗಳ ಮರ್ಯಾದೆ ಕಾಯಲು ಹೋದನಂತೆ ದೊಡ್ಡ ಮನುಷ್ಯ. ಪ್ರಯತ್ನ ಮಾಡಿದ, ಇನ್ನೊಂದು ಬ್ರೌಸರಿನಲ್ಲಿ ಅವಳ ಹೆಸರು ಬರೆದು ಪಾಸ್‌ವರ್ಡಿನ ಚೌಕದಲ್ಲಿ ಅಜ್ಜಿಯ ಹೆಸರು, ತಪ್ಪು, ಸತ್ತ ನಾಯಿಯ ಹೆಸರು, ತಪ್ಪು, ಸರೋವರದ ದಂಡೆಯಲ್ಲಿದ್ದ ಬೇಸಗೆ ಮನೆಯ ಹೆಸರು, ತಪ್ಪು, ಮಗಳ ಬಗ್ಗೆ ತನಗೆ ಗೊತ್ತಿರುವುದೆಲ್ಲ ಇಷ್ಟೇನೇ, ಎರಡು ಸೀದಾ ಎರಡು ಉಲ್ಟಾ, ತಪ್ಪು, ತುಂಬಾ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಇತ್ತ ಅವನ ಹೆಸರಿನ ಪಕ್ಕ ಪುಟ್ಟ ಘಂಟೆಯ ಚಿತ್ರ ಕೆಂಪಾಯಿತು, ಮಾರ್ಗೋ ಬರೆದಿದ್ದಾಳೆ, ಆಗಲೇ, ಭಾನುವಾರವಾದರೂ ಕೂತಿದ್ದಾಳೆ ಪಾಪ, ಮಿಸ್ಟರ್ ಆರ್ವಿಡ್, ಏನು ಹೇಳಲಿ ತಿಳಿಯುತ್ತಿಲ್ಲ, ನನ್ನ ತಾಯಿ ದಿನಾ ಇದನ್ನು ಕೇಳುತ್ತಲೇ ಹೆಣೆಯುವುದು, ಆ ಯಂತ್ರದ ದನಿಯನ್ನು ನನ್ನ ಗೆಳತಿ ಎನ್ನುತ್ತಾಳೆ, ಪ್ರೋಗ್ರಾಮಿನ ತೊಂದರೆಯನ್ನು ನಾನು ಸರಿ ಮಾಡುತ್ತೇನೆ, ನೀವು ತಿಳಿಸಿದ್ದು ಎಷ್ಟು ದೊಡ್ಡದು, ತುಂಬಾ ಉಪಕಾರವಾಯಿತು. ಉಪಕಾರ. ಓದಿದ, ಕೋಪ ಬರಬೇಕಿತ್ತು, ಬರಲಿಲ್ಲ, ಏನೂ ಬರಲಿಲ್ಲ, ವಿಳಾಸವನ್ನು ಮತ್ತೆ ಒತ್ತಿದ, ನೀವು ಹುಡುಕುತ್ತಿರುವ ಪುಟ ಇಲ್ಲ.

ಉಬ್ಬಿದೆ ನೋಡು ಬಾ, ಅಂಚು ಚೆನ್ನಾಗಿ ಕರಕಲಾಗಿದೆ, ಡೊರೀನ್ ಕೂಗಿದಳು, ಅಯ್ಯೋ ಈಗ ಇಳಿಯತ್ತೆ, ಬಾರೋ ಬೇಗ, ಹೋಗಬೇಕು, ಬರ್ತೀನಿ ಎಂದನೋ ಅಂದುಕೊಂಡನೋ, ತಟ್ಟೆ ಇಟ್ಟ ಸದ್ದು, ನಲ್ಲಿಯ ಸದ್ದು, ಹೆಜ್ಜೆ ಇತ್ತಲೇ ಬಂತು, ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಏಪ್ರನ್ನಿಗೆ ಕೈ ಒರೆಸುತ್ತಾ, ಕೆನ್ನೆ ಒಲೆಯ ಕಾವಿಗೆ ಕೆಂಪಾಗಿದೆ, ನೀಲಿ ಅಂಗಿ ಹಾಕಿದ್ದಾಳೆ, ಒಳ್ಳೆಯದು, ಇಗರ್ಜಿಗೆ ಹಾಕುವಂಥದ್ದು, ಕೂದಲು ಬಾಚಿದ್ದಾಳೆ, ಮಗಳ ದನಿ ಕೇಳುವುದಕ್ಕೆ ಸಿಂಗಾರ ಮಾಡಿಕೊಂಡಿದ್ದಾಳೆ. ತಿಂಡಿ ಆಮೇಲೆ ತಿನ್ನೋಣ ಆರ್ವಿಡ್, ಮೊದಲು ಕೇಳ್ಬಿಡ್ತೀನಿ, ತಿಂದು ಕೂತ್ರೆ ಮತ್ತೆ ಬೇಡ ಅನ್ಸತ್ತೆ ನಂಗೆ, ಐಲಾಳ ಮಂಚದ ಕಡೆಯಿಂದ ಸ್ಟೂಲೊಂದನ್ನು ಎಳೆದು ಪಕ್ಕದಲ್ಲೇ ಕೂತಳು, ಹಿಟ್ಟಿನ ವಾಸನೆ, ಬೆಣ್ಣೆಯ ವಾಸನೆ, ಯಾಕೋ ಹಿಂಗಿದೀಯಾ, ಮುಖ ಬಿಳಚ್ಕೊಂಡಿದೆ, ಅಳ್ತಿದ್ಯಾ, ಅಳ್ಬೇಡ ಕಣೋ, ಇವತ್ತು ನಾನೇ ಅಳ್ತಿಲ್ಲ ನೋಡು, ಎಷ್ಟು ದಿನ ನಿನ್ನೊಬ್ಬನ ಕೈಲೇ ಇದನ್ನ ಹೊರಿಸ್ಬಿಟ್ಟೆ, ನಾನು ಕಿವಿ ಮುಚ್ಕೊಂಡ್ಬಿಟ್ಟೆ, ತಪ್ಪಾಯ್ತು, ಇನ್ನು ಇಬ್ರೂ ಕೇಳೋಣ, ದಿನಾ ಇಬ್ರೂ ಕೂತು ಕೇಳೋಣ. ಹೇಳಬೇಕು, ಈಗ ಹೇಳಬೇಕು, ಡೊರೀನ್, ನಾನೊಂದು, ಡೊರೀನ್, ಅವಳು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು, ಶ್ ಎಂದಳು, ಏನೂ ಹೇಳ್ಬೇಡ, ಹಾಕು, ಪರದೆಯನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಳು, ಕಿವಿಯ ಮೇಲಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು, ತಲೆಯನ್ನು ಸ್ವಲ್ಪ ಅವನ ಕಡೆ ವಾಲಿಸಿ ಕೂತಳು.

ಒತ್ತಿದ. ಬಿಳಿ ಪುಟ, ಒಂದು ಸಾಲು, ನೀವು ಹುಡುಕುತ್ತಿರುವ ಪುಟ ಇಲ್ಲ, ಅವಳ ಮುಖದಲ್ಲಿ ಮಾತ್ರ ಆಗಲೇ ಏನೋ ಕೇಳಿಸುತ್ತಿರುವಂತೆ ಒಂದು ನಗು ಹೊರಡುತ್ತಿದೆ, ತುಟಿಯ ಮೂಲೆಯಿಂದ, ಮತ್ತೆ ಒತ್ತಿದ, ಇಲ್ಲ, ಹೇಳು, ಹೇಳಿಬಿಡು ಆರ್ವಿಡ್, ಇಲ್ಲ, ಮತ್ತೆ ಒತ್ತಿದ, ಶುರುವಾಯ್ತಾ, ಡೊರೀನ್ ಕಣ್ಣು ತೆರೆಯದೆ ಕೇಳಿದಳು, ಇನ್ನೂ ಹತ್ತಿರಕ್ಕೆ ವಾಲಿದಳು, ಸೌಂಡ್ ಸ್ವಲ್ಪ ಜಾಸ್ತಿ ಮಾಡೋ, ನಂಗೇನೂ ಕೇಳಿಸ್ತಿಲ್ಲ, ಒತ್ತಿದ, ನೀವು ಹುಡುಕುತ್ತಿರುವ ಪುಟ ಇಲ್ಲ, ಒತ್ತಿದ, ನೀವು ಹುಡುಕುತ್ತಿರುವ ಪುಟ ಇಲ್ಲ, ಒತ್ತಿದ —